ಸೀಮೆಸುಣ್ಣದ ವ್ಯಾನು

ಬಸ್ ಡಿಪೋದ ಸ್ಟೋರಿನಲ್ಲಿ ಮೂವತ್ತಾರು ವರ್ಷ ಬಿಡಿಭಾಗಗಳನ್ನು ಕಾದ ಮನುಷ್ಯನಿಗೆ ಮೆಕ್ಯಾನಿಕ್ಕುಗಳು ಇಟ್ಟ ಹೆಸರು ಬೇಕಾದೀತಪ್ಪ. ಹುಟ್ಟಿದಾಗ ಇಟ್ಟ ಹೆಸರು ಹಾಜರಿ ಪುಸ್ತಕ ಸೇರಿತು, ಅಲ್ಲೇ ಉಳಿಯಿತು. ಸವೆದ ವಾಷರು, ಥ್ರೆಡ್ ಹೋದ ಬೋಲ್ಟು, ಯಾವುದೋ ಕಾಲದಲ್ಲಿ ನಿಂತುಹೋದ ಮಾಡೆಲ್ಲಿನ ವೈಪರ್ ಕಡ್ಡಿ, ಏನೇ ಸಿಕ್ಕಲಿ, ಆಸಾಮಿ ಅದನ್ನು ಕೈಗೆತ್ತಿಕೊಂಡು, ತಿರುಗಿಸಿ ಮುರುಗಿಸಿ ನೋಡಿ, "ಇರಲಿ, ಬೇಕಾದೀತು" ಎನ್ನುತ್ತಿದ್ದ. ಆಮೇಲೆ ಅದಕ್ಕೊಂದು ಡಬ್ಬ, ಡಬ್ಬಕ್ಕೊಂದು ನಂಬರು, ನಂಬರಿಗೊಂದು ಕಾರ್ಡು. ಇಷ್ಟೆಲ್ಲ ಆದ ಮೇಲೆಯೇ ಚಹಾ. ಇಂಥವನು ರಜೆಯನ್ನು ಮಾತ್ರ ಖರ್ಚು ಮಾಡಿಯಾನೇ? ಜ್ವರ ಬಂದರೂ ಸ್ಟೋರಿಗೆ ಬಂದು ಕಂಬಳಿ ಹೊದ್ದು ಕೂರುತ್ತಿದ್ದ. ಹಾಗೆ ಉಳಿದ ರಜೆ ಮುನ್ನೂರು ದಿನ ದಾಟಿತ್ತು. ಮುಂದೆ ಬೇಕಾದೀತು ಎಂದೇ ಕೂಡಿಟ್ಟದ್ದು.

ಮನೆಯಲ್ಲೂ ಇದೇ ಕಥೆ. ಅಡುಗೆಮನೆಯ ಕಪಾಟು ಎ, ಬಟ್ಟೆಯ ಬೀರು ಬಿ, ಔಷಧಿ ಮತ್ತು ಸೂಜಿದಾರದ ಗೂಡು ಸಿ. ಸಕ್ಕರೆ ಎ-ಮೂರು, ಉಪ್ಪು ಎ-ನಾಲ್ಕು. ತೆಗೆದದ್ದು ಅದೇ ಜಾಗಕ್ಕೆ ವಾಪಸು ಹೋಗದಿದ್ದರೆ ಸ್ಟೋರ್ ಕೀಪರ್ ಸಾಹೇಬರ ಮುಖ ಊದಿಕೊಳ್ಳುತ್ತಿತ್ತು. ಬಂದ ನೆಂಟರು ಬಿದ್ದು ಬಿದ್ದು ನಗುತ್ತಿದ್ದರು. ಅವರ ಜೊತೆ ಸೇರಿ ನಗುತ್ತಿದ್ದ ಅಕ್ಕ, ಈ ಎರಡು ವರ್ಷದಿಂದ ನಗುವುದನ್ನು ಬಿಟ್ಟು, "ಮನೆ ಅಂದ್ರೆ ಹೀಗಿರಬೇಕು" ಎಂದು ತಮ್ಮನ ಪರ ವಹಿಸತೊಡಗಿದ್ದಳು. ತನಗೆ ಅರವತ್ತು ತುಂಬುವ ಹೊತ್ತಿಗಾದರೂ ಅಕ್ಕನಿಗೆ ತನ್ನ ಬೆಲೆ ತಿಳಿಯಿತಲ್ಲ ಎಂದು ಅವನು ಒಳಗೊಳಗೇ ಬೀಗಿದ್ದ. ಪಾಪ.

ಅಕ್ಕ ಅವನಿಗಿಂತ ಏಳು ವರ್ಷ ದೊಡ್ಡವಳು. ಅಮ್ಮ ಹೋದಾಗ ಅವನಿಗೆ ಐದು, ಅವಳಿಗೆ ಹನ್ನೆರಡು. ಅಂದಿನಿಂದ ಅವನ ತಲೆ ಬಾಚಿದವಳು, ಕಿವಿ ಹಿಂಡಿದವಳು, ಉಣ್ಣಿಸಿದವಳು ಅವಳೇ. ಮದುವೆ ಎಂಬುದು ಇಬ್ಬರನ್ನೂ ಸವರಿಕೊಂಡು ಹೋಯಿತೇ ಹೊರತು ಹಿಡಿಯಲಿಲ್ಲ. ದೊಡ್ಡಾಸ್ಪತ್ರೆಯ ಬಟ್ಟೆಕೋಣೆಯಲ್ಲಿ ಅವಳು ಹೊಲಿಗೆಯವಳಾಗಿದ್ದಳು. ಹರಿದ ಹಾಸು, ಬಿಚ್ಚಿದ ದಿಂಬು, ಡಾಕ್ಟರುಗಳ ಹಸಿರು ನಿಲುವಂಗಿ, ಎಲ್ಲಕ್ಕೂ ಅವಳೇ ಗತಿ. ಬಟ್ಟೆಯನ್ನು ಬೆರಳ ನಡುವೆ ಉಜ್ಜಿದರೆ ಸಾಕು, ಇದು ಯಾವ ವಾರ್ಡಿನದು ಎಂದು ಹೇಳಿಬಿಡುತ್ತಿದ್ದಳು.

ಅವಳ ಹೊಲಿಗೆ ಯಂತ್ರದ ಎದುರಿಗೆ ಒಂದು ಟೈರ್ ಕಂಪನಿಯ ಕ್ಯಾಲೆಂಡರ್ ತೂಗುತ್ತಿತ್ತು. ಡಿಪೋಗೆ ಬಂದದ್ದನ್ನು ತಮ್ಮನೇ ತಂದುಕೊಟ್ಟದ್ದು. ಅದರ ಒಂದು ತಿಂಗಳಿಗೆ ಯಾವುದೋ ದೂರದೇಶದ ಸರೋವರದ ಚಿತ್ರ: ಹಿಂದೆ ಹಿಮ ಹೊತ್ತ ಮೂರು ಶಿಖರ, ಮುಂದೆ ಅಲುಗದ ನೀರು, ನೀರಿನೊಳಗೂ ಅದೇ ಮೂರು ಶಿಖರ. ಅಕ್ಕ ಆ ಹಾಳೆಯನ್ನು ಮುಂದೆ ತಿರುಗಿಸಲೇ ಇಲ್ಲ. ವರ್ಷ ಬದಲಾದರೂ ಬಟ್ಟೆಕೋಣೆಯಲ್ಲಿ ಅದೇ ತಿಂಗಳು. ಬೆಳಗಿನಿಂದ ಸಂಜೆಯವರೆಗೆ ಬಿಳಿ ಬಟ್ಟೆ ನೋಡಿ ನೋಡಿ ಸೋತ ಕಣ್ಣಿಗೆ ಅದೊಂದು ಊರುಗೋಲು ಎನ್ನುತ್ತಿದ್ದಳು.

ನಾಲ್ಕು ವರ್ಷದ ಹಿಂದೆ ಕಣ್ಣಿನ ಡಾಕ್ಟರು ಇಬ್ಬರನ್ನೂ ಕೂರಿಸಿಕೊಂಡು ಹೇಳಿದ್ದರು. "ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ ನರ ಸಾಯ್ತಾ ಬಂದಿದೆ. ಹೋಗಿರೋದು ವಾಪಸು ಬರಲ್ಲ. ಇರೋದನ್ನ ಆದಷ್ಟು ಉಳಿಸಿಕೊಳ್ಳೋಣ. ಏನಾದ್ರೂ ನೋಡಬೇಕು ಅನ್ನೋ ಆಸೆ ಇದ್ರೆ ಮುಂದೂಡಬೇಡಿ."

ಹೊರಗೆ ಬಸ್ ಸ್ಟಾಪಿನಲ್ಲಿ ಅಕ್ಕ, "ಆ ಸರೋವರ ನೋಡಬೇಕು ಕಣೋ" ಎಂದಳು.

"ನೋಡೋಣ ಅಕ್ಕ" ಎಂದ ಬೇಕಾದೀತಪ್ಪ.

ನೋಡೋಣ! ನಮ್ಮಲ್ಲಿ ಇದಕ್ಕಿಂತ ಮೋಸದ ಮಾತು ಇನ್ನೊಂದಿಲ್ಲ. ಕೇಳಿದವರಿಗೆ ಕಣ್ಣಿನ ಮಾತು ಎನಿಸುತ್ತದೆ. ಆಡಿದವನು ಮಾತ್ರ ಬಾಗಿಲು ಎಳೆದುಕೊಂಡು ಆಗಲೇ ಒಳಗೆ ಹೋಗಿರುತ್ತಾನೆ. ಆ ವರ್ಷ ಸ್ಟಾಕ್ ತಪಾಸಣೆ ಇತ್ತು. ಮರುವರ್ಷ ಸ್ಟೋರನ್ನು ಹೊಸ ಶೆಡ್ಡಿಗೆ ಸಾಗಿಸುವ ಕೆಲಸ, ತಾನಿಲ್ಲದಿದ್ದರೆ ಯಾವ ಬೋಲ್ಟು ಯಾವ ಡಬ್ಬ ಸೇರುತ್ತದೋ. ಅದರ ಮರುವರ್ಷ, ಇನ್ನೇನು ನಿವೃತ್ತಿ ಬಂತಲ್ಲ, ಆಮೇಲೆ ಆರಾಮಾಗಿ ಹೋದರಾಯಿತು. ಪ್ರತಿಸಲವೂ ಅಕ್ಕ ಕೇಳಿದಳು, ಪ್ರತಿಸಲವೂ ಅವನು ನೋಡೋಣ ಎಂದ. ಕೊನೆಯ ವರ್ಷ ಅವಳು ಕೇಳಲಿಲ್ಲ. ಕಣ್ಣು ಹೇಗಿದೆ ಎಂದರೆ, "ಇದ್ದ ಹಾಗೇ ಇದೆ, ಬಿಡು" ಎನ್ನುತ್ತಿದ್ದಳು. ಆಸ್ಪತ್ರೆಗೂ ಅವನನ್ನು ಕರೆಯದೆ ಎದುರುಮನೆಯ ಟೀಚರಮ್ಮನ ಜೊತೆ ಹೋಗಿಬರುತ್ತಿದ್ದಳು.

ನಿವೃತ್ತಿಯಾದ ಮೂರನೆಯ ದಿನ ಅವನಾಗಿಯೇ ಮಾತೆತ್ತಿದ. "ಹೊರಡೋಣ ಅಕ್ಕ. ಪಾಸ್‌ಪೋರ್ಟ್ ಮಾಡಿಸ್ತೀನಿ."

ಅಕ್ಕ ಕೈಯಲ್ಲಿದ್ದ ಬಟ್ಟೆಯನ್ನು ಅಂಚಿಗೆ ಅಂಚು ಸೇರಿಸಿ ಮಡಚಿಟ್ಟಳು. ಆಮೇಲೆ, "ಹೋಟೆಲ್ ಬೇಡ. ಮನೇನೇ ಜೊತೆಗೆ ಬರೋ ಗಾಡಿ ಇರುತ್ತಂತಲ್ಲ, ಹಾಸಿಗೆ, ಒಲೆ ಎಲ್ಲಾ ಇರೋದು. ಅದರಲ್ಲಾದ್ರೆ ಬರ್ತೀನಿ" ಎಂದಳು. ಹಠ ಎಂದರೆ ಹಠ. ಅವನಿಗೂ ಖುಷಿಯಾಯಿತು. ಡಿಪೋ ಅಂಗಳದಲ್ಲಿ ಕೆಟ್ಟು ನಿಂತ ಬಸ್ಸುಗಳನ್ನು ಹಿಂದೆ ಮುಂದೆ ಮಾಡಿಮಾಡಿ ಅವನಿಗೆ ದೊಡ್ಡ ಗಾಡಿಯ ಕೈ ಇತ್ತು. ಪರದೇಶದಲ್ಲಿ ಓಡಿಸುವ ಪರವಾನಗಿ ಪತ್ರವೂ ಸಿಕ್ಕಿತು. ಕ್ಯಾಂಪರ್‌ವ್ಯಾನು ಬಾಡಿಗೆಗೆ ಕೊಡುವವರು ಒಳಗಿನ ಅಳತೆಯನ್ನು ಕಳಿಸಿದರು: ಹತ್ತಡಿ ಉದ್ದ, ಆರಡಿ ಅಗಲ.

ಅಷ್ಟು ಸಾಕಾಯಿತು. ಮರುದಿನ ಬೇಕಾದೀತಪ್ಪ ಹಾಲ್‌ನಲ್ಲಿದ್ದ ಕುರ್ಚಿ ಮೇಜನ್ನೆಲ್ಲ ವರಾಂಡಕ್ಕೆ ಅಟ್ಟಿ, ಟೇಪು ಹಿಡಿದು, ನೆಲದ ಮೇಲೆ ಸೀಮೆಸುಣ್ಣದಿಂದ ವ್ಯಾನು ಬರೆದ. ಇಲ್ಲಿ ಹಾಸಿಗೆ, ಇಲ್ಲಿ ಒಲೆ, ಇಲ್ಲಿ ಅಂಗೈಯಗಲದ ಬೇಸಿನ್ನು, ಇದು ಜಾರುಬಾಗಿಲು. ಕಾನೂನೂ ಆಯಿತು. ಹೊರಡಲು ಹದಿನೈದು ದಿನವಿದೆ, ಅಲ್ಲಿಯವರೆಗೆ ಇಬ್ಬರೂ ಈ ಗೆರೆಯೊಳಗೇ ಬದುಕುವುದು. ಗೆರೆಯೊಳಗೆ ಹಿಡಿಸಿದ್ದು ಬರುತ್ತದೆ, ಹಿಡಿಸದ್ದು ಮನೆಯಲ್ಲಿರುತ್ತದೆ. ಬಾಗಿಲಲ್ಲದ ಕಡೆ ಗೋಡೆ ದಾಟಿದವರು ಅಂದಿನ ಪಾತ್ರೆ ತೊಳೆಯಬೇಕು.

"ಸೀಮೆಸುಣ್ಣ ಕಾಲಿಗೆ ಮೆತ್ತಿ ಮನೆಯೆಲ್ಲಾ ರಾಡಿಯಾಗುತ್ತೆ. ಗೆರೆ ಮೇಲೆ ಹಗ್ಗ ಹಾಸು" ಎಂದಳು ಅಕ್ಕ. ಅವಳ ಮಾತಿಗೆ ಎದುರಾಡುವುದುಂಟೇ? ಬೆರಳು ದಪ್ಪದ ಹಗ್ಗ ತಂದು ಸುತ್ತಲೂ ಹಾಸಿದ.

ಅವು ಒಳ್ಳೆಯ ದಿನಗಳು. ಜೀವಮಾನವಿಡೀ ಸಾಮಾನು ಕೂಡಿಟ್ಟವನು ಈಗ ಸಾಮಾನು ಬಿಡುವುದನ್ನು ಕಲಿಯುತ್ತಿದ್ದ. ಗಟ್ಟಿ ಸೂಟ್‌ಕೇಸ್ ಮೊದಲು ಹೊರಬಿತ್ತು. ಖಾಲಿಯಾದ ಮೇಲೆ ಅದನ್ನೆಲ್ಲಿ ಇಡುವುದು, ತಲೆಯ ಮೇಲೆಯೇ? ಮಡಚಿದರೆ ಮುದುಡುವ ಬಟ್ಟೆಯ ಬ್ಯಾಗುಗಳು ಬಂದವು. ಒಂದರೊಳಗೊಂದು ಕೂರುವ ಮೂರು ಪಾತ್ರೆ ಸಾಕು, ತಟ್ಟೆ ಎರಡೇ, ಅವು ಜಾರದಂತೆ ಕೆಳಗೊಂದು ರಬ್ಬರ್ ಹಾಳೆ. ಒಳಗೆ ಓಡಾಡಲು ಬೇರೆ ಚಪ್ಪಲಿ, ಇಲ್ಲದಿದ್ದರೆ ಹಾಸಿಗೆಯವರೆಗೂ ಕೆಸರು. ಹಣೆಗೆ ಕಟ್ಟುವ ಟಾರ್ಚು, ಆ ದೇಶದ ಸಾಕೆಟ್ಟಿಗೆ ಹೊಂದುವ ಪ್ಲಗ್ಗು, ಮಳೆಕೋಟು, ಉಣ್ಣೆಯ ಟೋಪಿ, ಕಾಗದಪತ್ರಗಳ ಎರಡೆರಡು ಜೆರಾಕ್ಸು. ಆರನೆಯ ಸ್ಪ್ಯಾನರನ್ನು ಅವನು ಒಳಗಿಡುವುದು, ಅಕ್ಕ ಹೊರಗೆ ಎಸೆಯುವುದು, ಇದು ದಿನಕ್ಕೆ ಎರಡು ಸಲ ನಡೆಯುತ್ತಿತ್ತು.

"ಬೇಕಾದೀತು ಅಕ್ಕ!"

"ಬೇಕಾದ್ರೆ ಅಲ್ಲಿ ಯಾರನ್ನಾದ್ರೂ ಕೇಳು. ಬಾಯಿ ಪ್ಯಾಕ್ ಮಾಡ್ಕೊಂಡಿದೀಯ ತಾನೆ?"

ಅಕ್ಕ ಸುಮ್ಮನೆ ಕೂರಲಿಲ್ಲ. ಪ್ರತಿಯೊಂದು ಬಗೆಯ ಸಾಮಾನಿಗೂ ಒಂದೊಂದು ಚೀಲ ಹೊಲಿದಳು. ಔಷಧಿಗೆ ದೊಡ್ಡ ಗುಂಡಿಯ ಗೆರೆಗೆರೆ ಕಾರ್ಡುರಾಯ್, ಕಾಗದಪತ್ರಕ್ಕೆ ಒರಟು ಕ್ಯಾನ್ವಾಸು, ಸೋಪು ಬ್ರಷ್ಷಿಗೆ ಟವೆಲ್ ಬಟ್ಟೆ, ಕಾಲುಚೀಲಕ್ಕೆ ಹಳೆಯ ರೇಷ್ಮೆಯ ಅಂಚು. "ಇದೇನು, ಮದುವೆ ದಿಬ್ಬಣವೇನೇ?" ಎಂದು ಅವನು ಛೇಡಿಸಿದ. ಸೂಜಿಗೆ ದಾರ ಪೋಣಿಸಿಕೊಡುವ ಕೆಲಸ ಮಾತ್ರ ಅವನದು. ಕೈ ನಡುಗುತ್ತದೆ ಎಂದು ಅವಳು ಒಮ್ಮೆಗೇ ಹತ್ತು ಹನ್ನೆರಡು ಸೂಜಿಗೆ ಅವನ ಕೈಯಲ್ಲಿ ದಾರ ಹಾಕಿಸಿಟ್ಟುಕೊಳ್ಳುತ್ತಿದ್ದಳು. ಹೊಲಿಯುವಾಗ ಆ ಕೈ ನಡುಗುತ್ತಿರಲಿಲ್ಲ ಎಂಬುದು ಅವನಿಗೆ ಹೊಳೆಯಲಿಲ್ಲ. ಗೋಡೆ ದಾಟಿ ಸಿಕ್ಕಿಬಿದ್ದು ಮೂರು ಸಲ ಪಾತ್ರೆ ತೊಳೆದವನು ಅವನೇ. ಅಕ್ಕ ಒಮ್ಮೆಯೂ ತಪ್ಪಿರಲಿಲ್ಲ.

ಆರನೆಯ ದಿನ ಬಟ್ಟೆ ಒಣಹಾಕುವ ಹಗ್ಗ ಎಷ್ಟುದ್ದ ಬೇಕು ಎಂಬ ಪ್ರಶ್ನೆ ಎದ್ದಿತು. ನೆಲದ ಮೇಲಿದ್ದುದನ್ನೇ ಎತ್ತಿ ವರಾಂಡದಲ್ಲಿ ಕಟ್ಟಿ ನೋಡಿದ, ಸರಿಹೋಯಿತು, ಸುತ್ತಿ ಬ್ಯಾಗಿಗೆ ಹಾಕಿದ. ಸೀಮೆಸುಣ್ಣದ ಗೆರೆ ಹೇಗೂ ಇತ್ತಲ್ಲ. ಆಮೇಲೆ ಗೆರೆಯೊಳಗೆ ಹಾಸಿಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಅಕ್ಕ ಅಡುಗೆಮನೆಯಿಂದ ಎರಡು ಲೋಟ ಚಹಾ ಹಿಡಿದು ಬಂದಳು. ಬಂದವಳು ಬಾಗಿಲಿನ ಕಡೆ ತಿರುಗದೆ ನೇರವಾಗಿ ಗೋಡೆಯೊಳಗಿಂದ ನುಗ್ಗಿ, ಒಲೆಯನ್ನು ತುಳಿದು, ಬೇಸಿನ್ನು ದಾಟಿ ಮುಂದೆ ಬಂದಳು.

"ಅಕ್ಕಾ! ಉರಿಯೋ ಒಲೆ ಮೇಲೆ ನಡ್ಕೊಂಡು ಬಂದ್ಯಲ್ಲೇ!" ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಇವತ್ತು ಪಾತ್ರೆ ನಿಂದು!"

ಅಕ್ಕ ನಿಂತಳು. ಅವಳ ಬಲಗಾಲಿನ ಹೆಬ್ಬೆರಳು ನೆಲದ ಮೇಲೆ ಅತ್ತಿತ್ತ ಆಡಿ ಏನನ್ನೋ ಹುಡುಕಿತು. ಆಮೇಲೆ ಅವಳೂ ನಕ್ಕಳು. "ನನ್ನ ವ್ಯಾನು, ನಾನು ಎಲ್ಲಿಂದಾದ್ರೂ ಬರ್ತೀನಿ. ಕೇಳೋಕೆ ನೀನ್ಯಾರೋ?"

ಆ ಬೆರಳನ್ನು ಅವನು ನೋಡಿದ. ನೋಡಿದ್ದು ತಲೆಗೆ ಹತ್ತಲು ಮೂರು ದಿನ ಹಿಡಿಯಿತು.

ಎರಡು ದಿನದ ಮೇಲೆ ಪಟ್ಟಿ ಸಿದ್ಧವಾಯಿತು. ಒಂದೇ ಹಾಳೆ, ನಲವತ್ತೆರಡು ಐಟಂ. ಸ್ಟೋರಿನ ನಿಯಮದಂತೆ ಒಬ್ಬ ಬರೆದದ್ದನ್ನು ಇನ್ನೊಬ್ಬರು ನೋಡಿ ಒಂದೊಂದಕ್ಕೂ ಟಿಕ್ ಹಾಕಬೇಕು. ಅಕ್ಕನನ್ನು ರೇಗಿಸಲೆಂದು ಮೂವತ್ತೇಳನೆಯ ಸಾಲಿನಲ್ಲಿ, "ಅಕ್ಕನ ಗೊಣಗಾಟ, ಒಂದು ಮೂಟೆ, ಗಾಡಿಯ ತೂಕದ ಮಿತಿ ಮೀರಬಹುದು" ಎಂದು ಬರೆದು, ಹಾಳೆ ಮಡಚಿ ಅವಳ ಕೈಗಿಟ್ಟ. ಈಗ ಬೈತಾಳೆ, ಆಗ ಬೈತಾಳೆ ಎಂದು ರಾತ್ರಿ ಊಟ ಮುಗಿಯುವವರೆಗೂ ಕಾದ. ಮರುದಿನ ಬೆಳಿಗ್ಗೆ ಅಕ್ಕ ಹಾಳೆ ವಾಪಸು ಕೊಟ್ಟು, "ಎಲ್ಲಾ ಸರಿಯಾಗಿದೆ, ಟಿಕ್ ಹಾಕಿದೀನಿ" ಎಂದಳಷ್ಟೇ. ಅವನಿಗೆ ಪೆಚ್ಚಾಯಿತು. ಹಾಳೆಯನ್ನು ಹಾಗೇ ಜೇಬಿಗೆ ತುರುಕಿ, ಬಟ್ಟೆಯ ಕ್ಲಿಪ್ಪು ತರಲು ಅಂಗಡಿಗೆ ಹೊರಟ.

ಗೇಟಿನ ಹತ್ತಿರ, ಕ್ಲಿಪ್ಪು ಎಷ್ಟು ಬರೆದಿದ್ದೆ ಎಂದು ಹಾಳೆ ಬಿಚ್ಚಿದ. ಟಿಕ್ಕುಗಳೆಲ್ಲ ತಲೆಕೆಳಗಾಗಿದ್ದವು. ಒಂದರ ಕೆಳಗೊಂದು, ಸಮ ಅಂತರದಲ್ಲಿ, ಹೊಲಿಗೆಯ ಟಾಕು ಹಾಕಿದಷ್ಟು ಅಚ್ಚುಕಟ್ಟಾಗಿ ಇದ್ದವು. ಆದರೆ ಸಾಲುಗಳಿಗೂ ಅವಕ್ಕೂ ಸಂಬಂಧವೇ ಇರಲಿಲ್ಲ. ಅಕ್ಕ ಹಾಳೆಯನ್ನು ಉಲ್ಟಾ ಹಿಡಿದಿದ್ದಳು. ಕೊನೆಯ ನಾಲ್ಕು ಟಿಕ್ಕು ಖಾಲಿ ಅಂಚಿನ ಮೇಲಿದ್ದವು.

ಮೊದಲಿಗೆ ತನಗೆ ತಿರುಗಿ ತಮಾಷೆ ಮಾಡಿರಬೇಕು ಎಂದುಕೊಂಡ. ಹಾಗೆಂದುಕೊಳ್ಳಲು ಬಹಳ ಪ್ರಯತ್ನಪಟ್ಟ. ಆಮೇಲೆ ಆ ಹೆಬ್ಬೆರಳು ನೆನಪಾಯಿತು. ಚಪ್ಪಲಿ ಕಳಚಿ, ತೆರೆದೇ ಇದ್ದ ಬಾಗಿಲಿನಿಂದ ಮೆಲ್ಲಗೆ ಒಳಗೆ ಬಂದ.

ಅಕ್ಕ ಸೀಮೆಸುಣ್ಣದ ವ್ಯಾನಿನೊಳಗೆ ಕೂತಿದ್ದಳು. ಅವನಿಲ್ಲ ಎಂಬ ಧೈರ್ಯದಲ್ಲಿ ಮುಖವನ್ನು ಸಡಿಲ ಬಿಟ್ಟಿದ್ದಳು. ಅಷ್ಟು ದಣಿದ ಮುಖವನ್ನು ಅವನು ಎಂದೂ ಕಂಡಿರಲಿಲ್ಲ. ಕಣ್ಣು ತೆರೆದಿದ್ದವು, ಯಾವ ಕಡೆಗೂ ನೋಡುತ್ತಿರಲಿಲ್ಲ. ಕೈಗಳು ಮಾತ್ರ ಚೀಲದಿಂದ ಚೀಲಕ್ಕೆ ಓಡುತ್ತಿದ್ದವು. "ಗೆರೆ ಬಟ್ಟೆ, ಔಷಧಿ. ಒರಟು, ಕಾಗದ. ರೇಷ್ಮೆ, ಕಾಲುಚೀಲ..." ಮಗ್ಗಿ ಕಲಿಯುವ ಮಗುವಿನ ಹಾಗೆ ಒಪ್ಪಿಸುತ್ತಿದ್ದಳು. ಟವೆಲ್ ಬಟ್ಟೆಯ ಚೀಲ ಸಿಗಲಿಲ್ಲ. ಅದು ಅವಳ ಮೊಣಕಾಲಿನಿಂದ ಒಂದು ಗೇಣು ದೂರ ಬಿದ್ದಿತ್ತು. ಅಂಗೈಯನ್ನು ನೆಲಕ್ಕೆ ಒತ್ತಿ ಅರ್ಧ ಸುತ್ತು ಸವರಿದಳು, ಮತ್ತೆ ಸವರಿದಳು. ಸವರುತ್ತಾ ಸವರುತ್ತಾ ಅವಳ ಕೈ ಚೀಲದಿಂದ ಇನ್ನೂ ದೂರ ಹೋಯಿತು.

ಅವನಿಂದ ತಡೆಯಲಾಗಲಿಲ್ಲ. ಹೋಗಿ ಎತ್ತಿ ಅವಳ ಕೈಗಿಟ್ಟ. ಆ ಕೈ ಅಲ್ಲೇ ನಿಂತಿತು.

"ಎಷ್ಟು ಹೊತ್ತಾಯ್ತು ಬಂದು?"

"ಅಕ್ಕ, ಪಟ್ಟಿ ತಲೆಕೆಳಗಿತ್ತು."

"ಹೌದಾ?" ಅಕ್ಕ ಚೀಲವನ್ನು ಮಡಿಲಿಗೆ ಹಾಕಿಕೊಂಡಳು. "ಮಡಿಕೆ ಮುಟ್ಟಿ ನೋಡಿದ್ದೆ. ನೀನು ಯಾವಾಗ್ಲೂ ಮೇಲುಗಡೆಯಿಂದ ಮಡಚೋನು."

"ಯಾವಾಗಿಂದ?"

"ಎಡಗಣ್ಣು ಹೋಗಿ ಎರಡು ವರ್ಷ ಆಯ್ತು. ಬಲಗಣ್ಣಲ್ಲಿ ಬಳೆ ತೂತಿನಷ್ಟು ಇತ್ತು, ಅದು ಉಂಗುರದಷ್ಟಾಯ್ತು. ಎಂಟು ತಿಂಗಳಿಂದ ಅದೂ ಇಲ್ಲ. ಬೆಳಕೂ ಗೊತ್ತಾಗಲ್ಲ."

"ಡಾಕ್ಟರಿಗೆ?"

"ಗೊತ್ತು. ಟೀಚರಮ್ಮಂಗೂ ಗೊತ್ತು. ನಿನಗೊಬ್ಬನಿಗೇ ಗೊತ್ತಿರಲಿಲ್ಲ. ಮನೆಗೆಲ್ಲಾ ನಂಬರ್ ಹಾಕಿಟ್ಟಿದ್ಯಲ್ಲ, ನನಗೇನು ಕಷ್ಟ? ಸಕ್ಕರೆ ಎಂದಾದ್ರೂ ಎ-ಮೂರು ಬಿಟ್ಟು ಹೋಗಿದ್ಯಾ?"

ಅವಳು ಹಗುರ ಮಾಡಲು ಆಡಿದ ಮಾತು ಅವನನ್ನು ಇರಿಯಿತು. ಬೋಲ್ಟು ಕಾಣೆಯಾದರೆ ಮೂರು ದಿನ ನಿದ್ದೆ ಬಿಡುತ್ತಿದ್ದವನು ತಾನು. ಪಕ್ಕದಲ್ಲಿ ಕೂತು ಉಣ್ಣುತ್ತಿದ್ದ ಅಕ್ಕನ ಎರಡು ಕಣ್ಣು ಕಾಣೆಯಾದದ್ದು ಗಮನಕ್ಕೇ ಬರಲಿಲ್ಲ.

"ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಹೊರಡ್ತಿದ್ಯಾ? ಅಕ್ಕಂಗೇ ಕಾಣಲ್ಲ, ಇನ್ನು ಹೋಗಿ ಏನು ಮಾಡೋದು ಅಂತ ಕೂತ್ಕೋತಿದ್ದೆ."

ಬೇಕಾದೀತಪ್ಪ ಅವಳ ಪಕ್ಕದಲ್ಲಿ ಗೆರೆಯೊಳಗೆ ಕೂತ. ಮುನ್ನೂರು ದಿನದ ರಜೆ ಕಣ್ಣ ಮುಂದೆ ಬಂತು, ಡಬ್ಬ ಡಬ್ಬವಾಗಿ, ನಂಬರು ಹಚ್ಚಿದ್ದು. ಅದರಲ್ಲಿ ಹತ್ತು ದಿನ ತೆಗೆದಿದ್ದರೆ ಸಾಕಿತ್ತು. ನಾಲ್ಕು ವರ್ಷದ ಹಿಂದೆ ಹತ್ತೇ ಹತ್ತು ದಿನ. ಅವನು ಗಟ್ಟಿಯಾಗಿ ಅತ್ತ, ಮಕ್ಕಳ ಹಾಗೆ, ಮೂಗು ಸೋರಿಸಿಕೊಂಡು.

ಅಕ್ಕ ಸಮಾಧಾನ ಮಾಡಲಿಲ್ಲ. "ಸಿಟ್ಟಿಲ್ಲ ಅಂತ ಹೇಳಲ್ಲ ನಾನು" ಎಂದಳು. "ಇತ್ತು. ನಾಲ್ಕು ವರ್ಷ ನೋಡೋಣ ನೋಡೋಣ ಅಂದೆ. ಆ ಉಂಗುರದಷ್ಟು ಉಳಿದಿದ್ದಾಗಲೂ ಒಂದು ದಿನ ಕೇಳೋಣ ಅಂತ ಬಂದೆ. ನೀನು ಅವತ್ತು ಯಾವುದೋ ಗ್ಯಾಸ್ಕೆಟ್ ಲೆಕ್ಕ ಸಿಗ್ತಿಲ್ಲ ಅಂತ ತಲೆ ಮೇಲೆ ಕೈ ಹೊತ್ತು ಕೂತಿದ್ದೆ. ವಾಪಸು ಹೋದೆ. ಟೀಚರಮ್ಮ ಸರೋವರಕ್ಕೆ ನಾನು ಕರ್ಕೊಂಡು ಹೋಗ್ತೀನಿ ಅಂದ್ರು, ನಾನೇ ಬೇಡ ಅಂದೆ. ನೋಡುವಾಗ ಪಕ್ಕದಲ್ಲಿ ನೀನಿರಬೇಕು ಅಂತ ಒಂದು ಹುಚ್ಚು. ಅದು ನನ್ನ ತಪ್ಪು."

"ಕ್ಯಾನ್ಸಲ್ ಮಾಡಿಬಿಡ್ತೀನಿ ಅಕ್ಕ. ಈಗಲೇ."

"ಮಾಡು ನೋಡೋಣ!" ಅಕ್ಕನ ದನಿ ಏರಿತು. "ಒಂದು ವಾರದಿಂದ ಈ ವ್ಯಾನನ್ನ ಬಾಯಿಪಾಠ ಮಾಡ್ತಿದೀನಿ. ಹೋಟೆಲ್ ಬೇಡ ಅಂತ ಯಾಕೆ ಹಠ ಹಿಡಿದೆ ಅನ್ಕೊಂಡೆ? ದಿನಕ್ಕೊಂದು ರೂಮು, ದಿನಕ್ಕೊಂದು ಬಾತ್‌ರೂಮು, ಎಲ್ಲೆಲ್ಲಿ ಅಂತ ತಡಕಾಡ್ಲಿ? ಇದಾದ್ರೆ ಒಂದ್ಸಲ ಕಲಿತ್ರೆ ಆಯ್ತು. ನನ್ನನ್ನ ಹಿಡಿಸದ ಸಾಮಾನು ಅಂತ ಹೊರಗಿಡ್ತೀಯೇನೋ?"

"ಅಲ್ಲಿಗೆ ಹೋಗಿ..."

"ನೀನು ನೋಡು. ನೋಡಿ ನನಗೆ ಹೇಳು. ಆ ಚಿತ್ರ ನನ್ನ ತಲೆಯಲ್ಲಿದೆ. ನೀನು ಹೇಳ್ತಾ ಹೋದ್ರೆ ನಾನು ಕೂಡಿಸ್ಕೋತೀನಿ. ಎಲ್ಲಿ, ಈಗ ಕಿಟಕಿ ಹತ್ರ ಹೋಗಿ ಏನು ಕಾಣುತ್ತೆ ಹೇಳು."

ಅವನು ಮೂಗೊರೆಸಿಕೊಂಡು ಎದ್ದುಹೋದ. "ಒಂದು ಸ್ಕೂಟರು. ಎರಡು ಮನೆ. ಒಂದು ಮರ."

"ಸ್ಟಾಕ್ ತೆಗೀತಿದೀಯೇನೋ?"

ಅಳುವಿನ ನಡುವೆಯೇ ಇಬ್ಬರಿಗೂ ನಗು ಬಂತು. ಆದರೂ ಅಂದಿನಿಂದ ದಿನಾ ಪಾಠ. ಮರದ ಎಲೆ ಯಾವ ಹಸಿರು? ಹಳೆಯದೋ, ಎಳೆಯದೋ? ಸ್ಕೂಟರಿನವನ ಮುಖದಲ್ಲಿ ಏನಿದೆ? ಅವನಿಗೆ ಪದವೇ ಸಿಗುತ್ತಿರಲಿಲ್ಲ. ಇಷ್ಟು ವರ್ಷ ಕಣ್ಣಿಟ್ಟುಕೊಂಡು ತಾನು ಏನನ್ನೂ ನೋಡಿಲ್ಲ ಎಂಬುದು ಅವನಿಗೆ ಆ ಕಿಟಕಿಯ ಬಳಿ ತಿಳಿಯಿತು. ಅಕ್ಕನಿಗೆಂದು ಕೊಂಡಿದ್ದ ದುರ್ಬೀನನ್ನು ಅವನು ಸದ್ದಿಲ್ಲದೆ ಬ್ಯಾಗಿನಿಂದ ಹೊರಗೆ ತೆಗೆದ. ಸಂಜೆ ಕೈಯಾಡಿಸುವಾಗ ಆ ಜಾಗ ಖಾಲಿಯಿರುವುದು ಅಕ್ಕನಿಗೆ ಗೊತ್ತಾಯಿತು. ಅದನ್ನು ಹುಡುಕಿಸಿ ತಾನೇ ವಾಪಸು ಇಟ್ಟಳು. ಆರನೆಯ ಸ್ಪ್ಯಾನರನ್ನು ಅವನೇ ಹೊರಗಿಟ್ಟ.

ಹೊರಟರು. ವಿಮಾನ ಇಳಿದು, ಬಾಡಿಗೆ ಅಂಗಳಕ್ಕೆ ಹೋಗಿ, ಅಲ್ಲಿನ ಮೆಕ್ಯಾನಿಕ್ ತೋರಿಸಿದ್ದನ್ನೆಲ್ಲ ಬರೆದುಕೊಂಡು ವ್ಯಾನು ಪಡೆದರು. ಅಕ್ಕ ಜಾರುಬಾಗಿಲಿನ ಅಂಚು ಹಿಡಿದು ಒಳಗೆ ಕಾಲಿಟ್ಟವಳು ಒಲೆ, ಬೇಸಿನ್ನು, ಹಾಸಿಗೆ ಮುಟ್ಟಿಕೊಂಡು ಒಂದೇ ಉಸಿರಿಗೆ ಕೊನೆಯವರೆಗೆ ಹೋಗಿ ತಿರುಗಿ ಬಂದಳು, ಎಲ್ಲೂ ಎಡವಲಿಲ್ಲ. ಮೆಕ್ಯಾನಿಕ್ಕಿಗೆ ಏನೂ ಗೊತ್ತಾಗಲಿಲ್ಲ. ಎರಡು ದಿನ ಅವನು ಓಡಿಸಿದ, ಅವಳು ಪಕ್ಕದಲ್ಲಿ ಕೂತು ಕೇಳಿದಳು, ಅವನು ತೊದಲುತ್ತಾ ಹೇಳಿದ. ಮೂರನೆಯ ದಿನ ಸಂಜೆ ಸರೋವರದ ದಂಡೆಗೆ ಬಂದಾಗ ಮಂಜು ಮುಸುಕಿ, ಎದುರಿನ ಬೇಲಿಯೂ ಕಾಣುತ್ತಿರಲಿಲ್ಲ. ಬೆಳಿಗ್ಗೆ ನೋಡಿದರಾಯಿತು ಎಂದು ಮಲಗಿದರು.

ಬೆಳಿಗ್ಗೆ ಏಳಕ್ಕೆ ಎರಡು ಮಡಚುಕುರ್ಚಿಗಳನ್ನು ನೀರಿನ ಪಕ್ಕದಲ್ಲಿ ಹಾಕಿ, ಅಕ್ಕನಿಗೆ ಟೋಪಿ ಎಳೆದು, ಕಂಬಳಿ ಹೊದಿಸಿ ಕೂರಿಸಿದ.

"ಹೂಂ. ಹೇಳು" ಎಂದಳು ಅಕ್ಕ. ಮದುವಣಗಿತ್ತಿಯ ಹಾಗೆ ನೆಟ್ಟಗೆ ಕೂತಿದ್ದಳು.

ಅವನು ಎದುರಿಗೆ ನೋಡಿದ. ಬಿಳಿ. ನೀರೂ ಇಲ್ಲ, ಬೆಟ್ಟವೂ ಇಲ್ಲ. ಕಾಲಿನ ಕೆಳಗಿನ ನಾಲ್ಕು ಕಲ್ಲು ಬಿಟ್ಟರೆ ಬರೀ ಮಂಜು.

"ಏನೂ ಕಾಣ್ತಿಲ್ಲ ಅಕ್ಕ."

"ನನ್ನ ಸಮಾಧಾನಕ್ಕೆ ಹಾಗೆ ಹೇಳಬೇಡ."

"ಇಲ್ಲಕ್ಕ, ನಿಜವಾಗ್ಲೂ. ಪೂರ್ತಿ ಮಂಜು."

"ಇಷ್ಟು ದೂರ ಬಂದು ನನಗೆ ಕರುಣೆ ತೋರಿಸ್ತೀಯಾ? ನನಗೆ ಬೇಜಾರಾಗುತ್ತೆ ಅಂತ ತಾನೆ? ನನ್ನ ಮೇಲಾಣೆ ಮಾಡಿ ಹೇಳು."

"ನಿನ್ನಾಣೆ ಅಕ್ಕ. ನನಗೂ ಏನೂ ಕಾಣ್ತಿಲ್ಲ."

ಅಕ್ಕನ ಭುಜ ಕುಲುಕತೊಡಗಿತು. ಅಳುತ್ತಿದ್ದಾಳೆ ಎಂದು ಅವನು ಗಾಬರಿಯಾದ. ನಗುತ್ತಿದ್ದಳು. "ಒಳ್ಳೇ ಜೋಡಿ ಕಣೋ ನಾವು" ಎಂದಳು. "ಇಬ್ಬರೂ ಬಂದು ಕೂತ್ವಿ, ಇಬ್ಬರಿಗೂ ಕಾಣಲ್ಲ." ಕಂಬಳಿಯೊಳಗಿಂದ ಕೈ ಚಾಚಿ ಅವನ ತೋಳು ಹುಡುಕಿ ಹಿಡಿದುಕೊಂಡಳು. ಎಂಟು ತಿಂಗಳ ಮೇಲೆ, ಅಲ್ಲ, ಎಷ್ಟೋ ವರ್ಷದ ಮೇಲೆ ಅವಳ ಮುಖ ಹಗುರಾದದ್ದನ್ನು ಅವನು ಕಂಡ. ಒಬ್ಬಳೇ ಇದ್ದ ಕೋಣೆಗೆ ಇನ್ನೊಬ್ಬರು ಬಂದು ಕೂತಂತಿತ್ತು ಆ ಮುಖ. ಹಾಗೇ ಕೂತರು.

ಎಂಟೂವರೆಯ ಹೊತ್ತಿಗೆ ಗಾಳಿ ಎದ್ದಿತು. ಮಂಜು ಒಂದು ಕಡೆಯಿಂದ ಸರಿಯುತ್ತಾ ಬಂತು. ಮೊದಲು ನೀರು ಕಂಡಿತು, ಆಮೇಲೆ ಆಚೆ ದಡದ ಕಪ್ಪು ಮರಗಳು, ಆಮೇಲೆ ಅವನು ನೋಡನೋಡುತ್ತಿದ್ದಂತೆಯೇ ಮೂರು ಶಿಖರಗಳೂ ಒಟ್ಟಿಗೆ ಹೊರಬಂದವು. ಹಿಮದ ಮೇಲೆ ಬಿಸಿಲು ಬಿದ್ದು ಕೇಸರಿಯಾಗಿತ್ತು. ನೀರಿನೊಳಗೂ ಮೂರು. ಕ್ಯಾಲೆಂಡರಿನಲ್ಲಿ ಇದರ ಕಾಲುಪಾಲೂ ಇರಲಿಲ್ಲ. ಕಿಟಕಿಯ ಬಳಿ ಕಲಿತ ಪದಗಳೆಲ್ಲ ಅವನ ಗಂಟಲಿನವರೆಗೂ ಬಂದವು. ಎಂಥ ಕೇಸರಿ ಎಂದು ಹೇಳುವುದು ಅವನಿಗೆ ಈಗ ಗೊತ್ತಿತ್ತು.

ಪಕ್ಕಕ್ಕೆ ತಿರುಗಿದ. ಅಕ್ಕ ಅವನ ತೋಳು ಹಿಡಿದು, ಆ ಹಗುರಾದ ಮುಖದಲ್ಲೇ ಕೂತಿದ್ದಳು. ಹೇಳಿದ ಮರುಕ್ಷಣ ಅವಳು ಮತ್ತೆ ಒಬ್ಬಳೇ ಆಗುತ್ತಾಳೆ ಎನಿಸಿತು ಅವನಿಗೆ.

"ಈಗ?" ಎಂದು ಕೇಳಿದಳು ಅಕ್ಕ.

"ಈಗಲೂ ಇಲ್ಲ" ಎಂದ.

"ಮಂಜು ಹಾಗೇ ಇದ್ಯಾ?"

"ಹಾಗೇ ಇದೆ ಅಕ್ಕ."

ಬಿಸಿಲು ಅಷ್ಟರಲ್ಲಿ ದಂಡೆಗೂ ಬಂದಿತ್ತು. ಅವಳ ಕೆನ್ನೆಯ ಮೇಲೆ, ಮೂಗಿನ ಮೇಲೆ, ಕಂಬಳಿಯ ಮೇಲಿದ್ದ ಕೈಯ ಮೇಲೆ ಬಿದ್ದು ಕಾಯಿಸುತ್ತಿತ್ತು. ಅಕ್ಕ ಮುಖವನ್ನು ನಿಧಾನವಾಗಿ ಅದರ ಕಡೆಗೆ ಎತ್ತಿದಳು. ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡಳು. ಈ ಸಲ ಆಣೆ ಮಾಡು ಎನ್ನಲಿಲ್ಲ.

"ಇರಲಿ ಬಿಡು" ಎಂದು ಅವನ ತೋಳು ತಟ್ಟಿದಳು. "ಕಾಯೋಣ. ನಮಗೇನು ಅವಸರ."